ಯಂತ್ರ ಬಂದ ಮೇಲೆ ಮೂತ್ರ ಪರೀಕ್ಷೆಗೆ ಮೈಕ್ರೋಸ್ಕೋಪ್ ಬೇಡವೇ?

ಬದಿಯಡ್ಕದ ಟೆಕ್ನೀಷಿಯನ್:
ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಇತ್ತೀಚೆಗೆ ನಮ್ಮಲ್ಲಿ ಯೂರಿನ್ ರೊಟೀನ್ ಪರೀಕ್ಷೆಗೆ ಸ್ವಯಂಚಾಲಿತ ಯಂತ್ರ ಬಂದಿದೆ. ಅದರ ಒಂದು ಭಾಗ, ಮೂತ್ರ ತಾಗಿದಾಗ ಬಣ್ಣ ಬದಲಿಸುವ ಪ್ಯಾಡುಗಳಿರುವ ಸ್ಟ್ರಿಪ್ಪಿನ ಮೇಲೆ ಬೆಳಕು ಬಿಟ್ಟು, ಎಷ್ಟು ಬೆಳಕು ಹಿಂದಿರುಗಿತು ಎಂಬುದರಿಂದ ಸಕ್ಕರೆ, ಪ್ರೋಟೀನ್, ರಕ್ತ ಮುಂತಾದವನ್ನು ಅಳೆಯುತ್ತದೆ. ಇನ್ನೊಂದು ಭಾಗ ಮೂತ್ರದಲ್ಲಿರುವ ಕಣಗಳ ಚಿತ್ರ ತೆಗೆದು, ಇದು ಆರ್‌ಬಿಸಿ (ಕೆಂಪು ರಕ್ತಕಣ), ಇದು ಪಸ್ ಸೆಲ್ (ಬಿಳಿ ರಕ್ತಕಣ), ಇದು ಹರಳು ಎಂದು ತಾನೇ ವಿಂಗಡಿಸಿ ಎಣಿಸುತ್ತದೆ. ಮುಂದಿನ ತಿಂಗಳಿನಿಂದ ಯಂತ್ರ ಕೊಟ್ಟದ್ದನ್ನೇ ನೇರವಾಗಿ ವರದಿಗೆ ಹಾಕೋಣ, ಮೈಕ್ರೋಸ್ಕೋಪ್ ನೋಡುವ ಸಮಯ ಉಳಿಯುತ್ತದೆ ಎಂಬುದು ನಮ್ಮ ಮಾಲೀಕರ ಅಭಿಪ್ರಾಯ.

ನನಗೆ ಅಳುಕು ಇದೆ. ಮೊನ್ನೆ ಮಧುಮೇಹವಿರುವ ಒಬ್ಬ ಮಹಿಳೆಯ ಸ್ಯಾಂಪಲಿನಲ್ಲಿ ಸ್ಟ್ರಿಪ್ ‘ರಕ್ತ ಇಲ್ಲ’ ಎಂದರೆ, ಅದೇ ಯಂತ್ರದ ಚಿತ್ರ ವಿಭಾಗ ‘ಆರ್‌ಬಿಸಿ ಧಾರಾಳ’ ಎಂದಿತು. ಒಂದೇ ವರದಿಯ ಮೇಲಿನ ಸಾಲು ಕೆಳಗಿನ ಸಾಲನ್ನು ಅಲ್ಲಗಳೆಯುತ್ತಿರುವಾಗ ಸಹಿ ಹಾಕುವುದು ಹೇಗೆ? ಇಂಥ ಯಂತ್ರಗಳು ಎಲ್ಲೆಲ್ಲಿ ತಪ್ಪುತ್ತವೆ, ಯಾವ ಸ್ಯಾಂಪಲುಗಳನ್ನು ಕಣ್ಣಿನಿಂದ ನೋಡಲೇಬೇಕು ಎಂಬುದನ್ನು ಅನುಭವಸ್ಥರು ತಿಳಿಸಿದರೆ ಮಾಲೀಕರ ಮುಂದೆ ಇಡಲು ನನಗೆ ಆಧಾರ ಸಿಗುತ್ತದೆ.

ಹಳೆಯ ಮೈಕ್ರೋಸ್ಕೋಪ್:
ಮೊದಲು ಆ ಸ್ಯಾಂಪಲಿನಲ್ಲಿ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಇದೆಯೇ ನೋಡಿ ತಮ್ಮಾ. ಮಧುಮೇಹಿ, ಅದರಲ್ಲೂ ಮಹಿಳೆ ಎಂದರೆ ನನ್ನ ಮೊದಲ ಅನುಮಾನ ಅದೇ. ಯೀಸ್ಟ್ ಕೋಶವೂ ಕೆಂಪು ರಕ್ತಕಣದಂತೆ ಸಣ್ಣದು, ಉರುಟು, ನಯವಾದ ಅಂಚಿನದು. ಯಂತ್ರ ಅದನ್ನು ಆರ್‌ಬಿಸಿಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಸ್ಟ್ರಿಪ್ ಹಾಗೆ ಮೋಸ ಹೋಗುವುದಿಲ್ಲ, ಏಕೆಂದರೆ ಅದು ಆಕಾರವನ್ನು ನೋಡುವುದಿಲ್ಲ, ಹಿಮೋಗ್ಲೋಬಿನ್ನಿನ ರಾಸಾಯನಿಕ ಗುಣವನ್ನು ಹಿಡಿಯುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಮಾನೋಹೈಡ್ರೇಟ್ ಹರಳಿನ ಅಂಡಾಕಾರದ ರೂಪವೂ ಯಂತ್ರವನ್ನು ಇದೇ ರೀತಿ ಮರುಳು ಮಾಡುತ್ತದೆ.

ನಾವು ಕೆಲಸ ಕಲಿತ ಕಾಲದ ಉಪಾಯ ಈಗಲೂ ನಡೆಯುತ್ತದೆ. ಮೂತ್ರವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ ತಳದಲ್ಲಿ ಉಳಿಯುವ ಗಸಿಯ ಒಂದು ಹನಿಗೆ ಶೇಕಡಾ 2ರ ಅಸಿಟಿಕ್ ಆಮ್ಲದ ಒಂದು ಹನಿ ಸೇರಿಸಿ ನೋಡಿರಿ. ಆರ್‌ಬಿಸಿಯಾದರೆ ಒಡೆದು ಮಾಯವಾಗುತ್ತದೆ, ಯೀಸ್ಟ್ ಆದರೆ ಇದ್ದಲ್ಲೇ ಇರುತ್ತದೆ, ಮೊಗ್ಗು ಬಿಟ್ಟ ಕೋಶಗಳೂ ಕಾಣುತ್ತವೆ.

ದೇರಳಕಟ್ಟೆ ವಿದ್ಯಾರ್ಥಿನಿ:
ಯೀಸ್ಟ್ ಎಂದು ಈಗಲೇ ತೀರ್ಮಾನಿಸುವುದು ಬೇಡ ಸರ್. ಇನ್ನೊಂದು ಸಾಧ್ಯತೆಯೂ ಇದೆ. ನಿಜವಾಗಿಯೂ ಆರ್‌ಬಿಸಿ ಇದ್ದು, ಮೂತ್ರದಲ್ಲಿ ವಿಟಮಿನ್ ಸಿ ಹೆಚ್ಚಾಗಿದ್ದರೆ ಸ್ಟ್ರಿಪ್ಪಿನ ರಕ್ತದ ಪ್ಯಾಡ್ ಸುಮ್ಮನಿದ್ದುಬಿಡುತ್ತದೆ. ಆ ಪ್ಯಾಡಿನಲ್ಲಿ ಬಣ್ಣ ಹುಟ್ಟುವುದು ಉತ್ಕರ್ಷಣೆಯಿಂದ (ಆಕ್ಸಿಡೇಷನ್). ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಅದಕ್ಕೆ ಮೊದಲೇ ತಾನು ಉತ್ಕರ್ಷಣೆಗೊಂಡು ಬಣ್ಣ ಬರದಂತೆ ತಡೆಯುತ್ತದೆ. ಸಕ್ಕರೆ, ನೈಟ್ರೈಟ್ (ಬ್ಯಾಕ್ಟೀರಿಯದ ಸೂಚಕ), ಬಿಲಿರುಬಿನ್ (ಪಿತ್ತದ ಬಣ್ಣ) ಪ್ಯಾಡುಗಳಿಗೂ ಇದರ ತೊಂದರೆ ಇದೆ. ಕೆಲವು ತಯಾರಕರು ರಕ್ತದ ಪ್ಯಾಡಿನ ಮೇಲೆ ಅಯೋಡೇಟ್ ಪದರ ಕೊಟ್ಟು ಇದನ್ನು ಬಹುಮಟ್ಟಿಗೆ ತಡೆದಿದ್ದಾರೆ, ಕೆಲವು ಸ್ಟ್ರಿಪ್ಪುಗಳಲ್ಲಿ ಆಸ್ಕಾರ್ಬಿಕ್ ಆಮ್ಲವನ್ನೇ ತೋರಿಸುವ ಪ್ರತ್ಯೇಕ ಪ್ಯಾಡ್ ಇರುತ್ತದೆ. ನಿಮ್ಮ ಡಬ್ಬಿಯ ಜೊತೆ ಬರುವ ಕಾಗದದಲ್ಲಿ ಏನು ಬರೆದಿದೆ ಎಂದು ದಯವಿಟ್ಟು ಓದಿ.

ಪೆರ್ಲದ ಕೃಷಿಕ:
ನಮ್ಮ ಮನೆಯಲ್ಲಿ ಬೆಳಿಗ್ಗೆ ನೆಲ್ಲಿಕಾಯಿ ರಸ ಕುಡಿಯುವ ಅಭ್ಯಾಸ ಇದೆ. ಹಾಗಾದರೆ ನಮ್ಮ ವರದಿಗಳೆಲ್ಲ ಸುಳ್ಳೇ?

ದೇರಳಕಟ್ಟೆ ವಿದ್ಯಾರ್ಥಿನಿ:
ಎಲ್ಲವೂ ಸುಳ್ಳು ಎಂದಲ್ಲ ಮಾವ. ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚಾದ ವಿಟಮಿನ್ ಸಿ ಮೂತ್ರದಲ್ಲಿ ಹೊರಹೋಗುತ್ತದೆ, ಅದು ಎಷ್ಟಿದೆ ಎಂಬುದರ ಮೇಲೆ ಅಡ್ಡಿಯ ಪ್ರಮಾಣ ನಿಂತಿದೆ. 500 ಮಿಲಿಗ್ರಾಂ ಮಾತ್ರೆಯನ್ನು ದಿನವೂ ಚೀಪುವವರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಸ್ಯಾಂಪಲ್ ಕೊಡುವಾಗ ಈ ಅಭ್ಯಾಸವನ್ನು ಲ್ಯಾಬಿನವರಿಗೆ ಹೇಳಿದರೆ ಸಾಕು.

ಹಳೆಯ ಮೈಕ್ರೋಸ್ಕೋಪ್:
ಇದರಲ್ಲಿ ಒಂದು ಸ್ವಾರಸ್ಯವಿದೆ. ಸಕ್ಕರೆಗಾಗಿ ಮೂತ್ರವನ್ನು ದ್ರಾವಣದೊಂದಿಗೆ ಕಾಯಿಸಿ ನೋಡುವ 1908ರ ಬೆನೆಡಿಕ್ಟ್ ಪರೀಕ್ಷೆಯಲ್ಲಿ ಇದೇ ವಿಟಮಿನ್ ಸಿ ಸಕ್ಕರೆ ಇಲ್ಲದಿದ್ದರೂ ಇದೆ ಎಂದು ತೋರಿಸುತ್ತಿತ್ತು. 1956ರಲ್ಲಿ ಬಂದ ಕ್ಲಿನಿಸ್ಟಿಕ್ಸ್ ಎಂಬ ಸ್ಟ್ರಿಪ್ಪಿನಿಂದ ಇಂದಿನವರೆಗಿನ, ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ಬಳಸುವ ಸ್ಟ್ರಿಪ್ಪುಗಳಲ್ಲಿ ಅದೇ ವಿಟಮಿನ್ ಸಿ ಸಕ್ಕರೆ ಇದ್ದರೂ ಇಲ್ಲ ಎಂದು ತೋರಿಸಬಲ್ಲದು. ಬೆನೆಡಿಕ್ಟ್ ದ್ರಾವಣವನ್ನು ಚೆಲ್ಲಿಬಿಟ್ಟವರಿಗೆ ಇನ್ನೊಂದು ಮಾತು. ಹಸುಗೂಸುಗಳಲ್ಲಿ ಗ್ಯಾಲಕ್ಟೋಸ್ ಎಂಬ ಬೇರೆ ಸಕ್ಕರೆ ಮೂತ್ರಕ್ಕೆ ಬಂದರೆ ಬೆನೆಡಿಕ್ಟ್ ಅದನ್ನು ತೋರಿಸುತ್ತದೆ, ಸ್ಟ್ರಿಪ್ ಕಾಣುವುದಿಲ್ಲ, ಸ್ಟ್ರಿಪ್ಪಿಗೆ ಗೊತ್ತಿರುವುದು ಗ್ಲೂಕೋಸ್ ಒಂದೇ.

ಬದಿಯಡ್ಕದ ಟೆಕ್ನೀಷಿಯನ್:
ಉಳಿದಿದ್ದ ಸ್ಯಾಂಪಲಿಗೆ ಅಸಿಟಿಕ್ ಆಮ್ಲ ಹಾಕಿ ನೋಡಿದೆ. ಬಹುಪಾಲು ಒಡೆಯಲಿಲ್ಲ, ಮೊಗ್ಗುಗಳು ಸ್ಪಷ್ಟವಾಗಿ ಕಂಡವು. ಯೀಸ್ಟೇ. ಆದರೆ ಇನ್ನೊಂದು ಗೊಂದಲ ಉಳಿದಿದೆ. ಆ ಮಹಿಳೆಯ ರಕ್ತದ ಸಕ್ಕರೆ ಚೆನ್ನಾಗಿ ಹತೋಟಿಯಲ್ಲಿದೆ, ಸ್ಟ್ರಿಪ್ಪಿನಲ್ಲಿ ಮಾತ್ರ ಸಕ್ಕರೆ 4+, ಅಂದರೆ ಬಹಳ ಹೆಚ್ಚು, ಬಂದಿದೆ. ಇದು ಸ್ಟ್ರಿಪ್ಪಿನ ದೋಷವೇ?

ಗಡಿನಾಡ ವೈದ್ಯ:
ದೋಷವಲ್ಲ. ಅವರು ಮಧುಮೇಹದ ಮಾತ್ರೆಗಳಾದ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿ. ಮೂತ್ರಪಿಂಡ ಸೋಸಿದ ಸಕ್ಕರೆಯನ್ನು ಮತ್ತೆ ರಕ್ತಕ್ಕೆ ಹೀರಿಕೊಳ್ಳದಂತೆ ತಡೆದು ಮೂತ್ರದಲ್ಲಿ ಹೊರಹಾಕುವುದೇ ಆ ಮಾತ್ರೆಗಳ ಕೆಲಸವಾದ್ದರಿಂದ, ರಕ್ತದ ಸಕ್ಕರೆ ಸರಿಯಾಗಿದ್ದರೂ ಮೂತ್ರದಲ್ಲಿ 3+ ಅಥವಾ 4+ ಬರುವುದು ಔಷಧ ಕೆಲಸ ಮಾಡುತ್ತಿದೆ ಎಂಬುದರ ಲಕ್ಷಣ. ಮೂತ್ರದಲ್ಲಿ ಸಕ್ಕರೆ ಹೆಚ್ಚಾದಾಗ ಜನನಾಂಗದ ಭಾಗದಲ್ಲಿ ಯೀಸ್ಟ್ ಸೋಂಕು ಹೆಚ್ಚುವುದೂ ಈ ಮಾತ್ರೆಗಳ ತಿಳಿದ ಅಡ್ಡಪರಿಣಾಮ. ಮಾತ್ರೆಯಿಂದ ಸಕ್ಕರೆ, ಸಕ್ಕರೆಯಿಂದ ಯೀಸ್ಟ್, ಯೀಸ್ಟಿನಿಂದ ಯಂತ್ರದ ಸುಳ್ಳು ಆರ್‌ಬಿಸಿ. ನಿಮ್ಮ ಒಗಟು ಇಲ್ಲಿಗೆ ಬಿಡಿಸಿದಂತಾಯಿತು.

ವರದಿ ನೋಡಿ ಹೆದರಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು. ಆದರೆ ಇದೇ ಮಾತ್ರೆ ತೆಗೆದುಕೊಳ್ಳುವವರಿಗೆ ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು ಬಂದರೆ, ರಕ್ತದ ಸಕ್ಕರೆ ಅಷ್ಟೇನೂ ಏರಿಲ್ಲ ಎಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಿ ಕೀಟೋನ್ (ದೇಹ ಕೊಬ್ಬನ್ನು ಕರಗಿಸಿದಾಗ ಹುಟ್ಟುವ ವಸ್ತು) ನೋಡಿಸಬೇಕು.

ಮುಳ್ಳೇರಿಯ ಮಾಷ್:
ಕೀಟೋನನ್ನು ಮೂತ್ರದ ಸ್ಟ್ರಿಪ್ಪೇ ತೋರಿಸುತ್ತದಲ್ಲ ಡಾಕ್ಟ್ರೇ, ಅದಕ್ಕೆ ಆಸ್ಪತ್ರೆ ಏಕೆ?

ಗಡಿನಾಡ ವೈದ್ಯ:
ತೋರಿಸುತ್ತದೆ, ಆದರೆ ಅರ್ಧ ಸತ್ಯವನ್ನು ಮಾಷ್ಟ್ರೇ. ಸ್ಟ್ರಿಪ್ಪಿನಲ್ಲಿರುವ ನೈಟ್ರೋಪ್ರಸೈಡ್ ರಾಸಾಯನಿಕ ಹಿಡಿಯುವುದು ಮುಖ್ಯವಾಗಿ ಅಸಿಟೋಅಸಿಟೇಟ್ ಎಂಬ ಕೀಟೋನನ್ನು. ಕೀಟೋನ್ ಏರಿ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಆದಾಗ ಹೆಚ್ಚು ಪ್ರಮಾಣದಲ್ಲಿರುವ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಇನ್ನೊಂದು ಕೀಟೋನ್ ಅದರ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ‘ಕೀಟೋನ್ ಅಲ್ಪ’ ಎಂಬ ಸಾಲನ್ನು ನಂಬಿ ಮನೆಯಲ್ಲಿ ಕೂರಬಾರದು. ಕ್ಯಾಪ್ಟೋಪ್ರಿಲ್‌ನಂಥ ಕೆಲವು ಔಷಧಗಳು ಇದೇ ಪ್ಯಾಡನ್ನು ಇಲ್ಲದ ಕೀಟೋನ್ ಇದೆ ಎಂದೂ ನಂಬಿಸುತ್ತವೆ.

ಯಂತ್ರದ ಪರ:
ಇಲ್ಲಿ ಎಲ್ಲರೂ ಯಂತ್ರವನ್ನು ಕಟಕಟೆಗೆ ಹತ್ತಿಸಿದ್ದೀರಿ. ಮೈಕ್ರೋಸ್ಕೋಪಿನ ತಪ್ಪುಗಳನ್ನು ಯಾರು ಹೇಳುವವರು? ನಾನು ಇಪ್ಪತ್ತಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಲ್ಯಾಬಿನ ಮೇಲ್ವಿಚಾರಣೆ ಮಾಡಿದವನು. ಒಂದೇ ಸ್ಲೈಡನ್ನು ಇಬ್ಬರಿಗೆ ಕೊಟ್ಟರೆ ಒಬ್ಬರು ಪಸ್ ಸೆಲ್ 4–6 ಎನ್ನುತ್ತಾರೆ, ಇನ್ನೊಬ್ಬರು 10–12 ಎನ್ನುತ್ತಾರೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುವಾಗ ಕೆಲವು ಕಣಗಳು ಒಡೆಯುತ್ತವೆ, ಮೇಲಿನ ದ್ರವ ಚೆಲ್ಲುವಾಗ ಇನ್ನಷ್ಟು ಹೋಗುತ್ತವೆ. 12 ಎಂಎಲ್ ತೆಗೆದುಕೊಳ್ಳಬೇಕಾದಲ್ಲಿ 5 ಎಂಎಲ್ ತೆಗೆದುಕೊಂಡು, 5 ನಿಮಿಷ ತಿರುಗಿಸಬೇಕಾದಲ್ಲಿ 2 ನಿಮಿಷಕ್ಕೆ ನಿಲ್ಲಿಸಿ, ಗಸಿಯನ್ನು ಅಂದಾಜಿನಿಂದ ಉಳಿಸಿಕೊಂಡು ನೋಡಿದ ಎಣಿಕೆಗೆ ಏನು ಬೆಲೆ? ತಿರುಗಿಸದ ಮೂತ್ರದಲ್ಲಿ ಸಾವಿರಾರು ಕಣಗಳನ್ನು ಎಣಿಸುವ ಯಂತ್ರ ಪಸ್ ಸೆಲ್ ಮತ್ತು ಆರ್‌ಬಿಸಿಯ ಎಣಿಕೆಯಲ್ಲಿ ಮನುಷ್ಯನಿಗಿಂತ ಸ್ಥಿರವಾಗಿರುತ್ತದೆ. ಬೆಳಗಿನ ನೂರನೆಯ ಸ್ಯಾಂಪಲನ್ನೂ ಅದು ಮೊದಲನೆಯದರಂತೆಯೇ ನೋಡುತ್ತದೆ.

2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಕರ್ನಾಟಕ ತಲಪಾಡಿ ಗಡಿಯನ್ನು ಮುಚ್ಚಿದಾಗ ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ನಮ್ಮ ಜಿಲ್ಲೆಯ ಪಾಡು ಏನಾಯಿತೆಂದು ಎಲ್ಲರಿಗೂ ಗೊತ್ತಿದೆ. ಒಳ್ಳೆಯ ಯಂತ್ರ ಊರಿನಲ್ಲೇ ಇರುವುದನ್ನು ಸ್ವಾಗತಿಸೋಣ.

ಹಳೆಯ ಮೈಕ್ರೋಸ್ಕೋಪ್:
ಎಣಿಕೆಯ ಮಾತನ್ನು ಒಪ್ಪುತ್ತೇನೆ. ಗುರುತಿಸುವ ಮಾತನ್ನು ಒಪ್ಪುವುದಿಲ್ಲ. ಕಾಸ್ಟ್‌ಗಳ, ಅಂದರೆ ಮೂತ್ರಪಿಂಡದ ಸಣ್ಣ ನಾಳಿಕೆಗಳಲ್ಲಿ ಪ್ರೋಟೀನ್ ಗಟ್ಟಿಯಾಗಿ ಆಗುವ ಕೊಳವೆಯಾಕಾರದ ಅಚ್ಚುಗಳ ವಿಷಯದಲ್ಲಿ ನಿಮ್ಮ ಯಂತ್ರ ಏನು ಮಾಡುತ್ತದೆ? ಲೋಳೆಯ ಎಳೆಯನ್ನು ಕಂಡರೆ ಹಯಲೈನ್ (ಪಾರದರ್ಶಕ) ಕಾಸ್ಟ್ ಎನ್ನುತ್ತದೆ, ನಿಜವಾದ ರೋಗಸೂಚಕ ಕಾಸ್ಟನ್ನು ‘ವರ್ಗೀಕರಿಸದ ಕಣ’ ಎಂದು ಮೂಲೆಗೆ ತಳ್ಳುತ್ತದೆ ಅಥವಾ ಬಿಟ್ಟೇಬಿಡುತ್ತದೆ. ಆ ನಾಳಿಕೆಯ ಒಳಪದರದ ಕೋಶವನ್ನು ಪಸ್ ಸೆಲ್ಲಿನ ಲೆಕ್ಕಕ್ಕೆ ಸೇರಿಸುವುದನ್ನೂ ನೋಡಿದ್ದೇನೆ.

ಗಡಿನಾಡ ವೈದ್ಯ:
ಕಾಸ್ಟ್‌ಗಳ ವಿಷಯ ಸಣ್ಣದಲ್ಲ, ಒಂದು ಅನುಭವವನ್ನು ಹೇಳುತ್ತೇನೆ. ಕಾಲಿನ ಕಜ್ಜಿ ಮಾಗಿದ ಕೆಲವು ವಾರಗಳ ನಂತರ ಮುಖ ಊದಿಕೊಂಡ ಒಬ್ಬ ಬಾಲಕನನ್ನು ತಾಯಿ ಕರೆತಂದಿದ್ದರು. ಯಂತ್ರದ ವರದಿಯಲ್ಲಿ ಪ್ರೋಟೀನ್ 1+, ಆರ್‌ಬಿಸಿ ಹೆಚ್ಚು ಎಂದಷ್ಟೇ ಇತ್ತು; ಇಷ್ಟನ್ನೇ ನೋಡಿದವರು ಕಲ್ಲಿರಬಹುದು, ಸೋಂಕಿರಬಹುದು ಎಂದು ಯೋಚಿಸಬಹುದಾಗಿತ್ತು. ಬಿಪಿ ಹೆಚ್ಚಿದ್ದುದರಿಂದ ನನಗೆ ಅನುಮಾನ ಬಂದು ಹೊಸ ಸ್ಯಾಂಪಲ್ ತೆಗೆಸಿ ಗಸಿಯನ್ನು ಕಣ್ಣಾರೆ ನೋಡಲು ಹೇಳಿದೆ. ಆರ್‌ಬಿಸಿ ಕಾಸ್ಟ್ ಕಾಣಿಸಿತು, ಆಕಾರ ಕೆಟ್ಟ ಆರ್‌ಬಿಸಿಗಳೂ ಕಂಡವು. ರಕ್ತ ಬರುತ್ತಿರುವುದು ಮೂತ್ರಪಿಂಡದ ಸೋಸುಗದಿಂದಲೇ ಎಂದು ಹೇಳಲು ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ, ಹುಡುಗನನ್ನು ಅಂದೇ ಮೂತ್ರಪಿಂಡ ತಜ್ಞರಲ್ಲಿಗೆ ಕಳುಹಿಸಿದೆ. ಎಣಿಕೆ ಎಷ್ಟೇ ನಿಖರವಾಗಿದ್ದರೂ ರಕ್ತ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಸಂಖ್ಯೆ ಉತ್ತರಿಸುವುದಿಲ್ಲ.

ಯಂತ್ರದ ಪರ:
ಡಾಕ್ಟ್ರೇ, ನಾನು ಮೈಕ್ರೋಸ್ಕೋಪನ್ನು ಮಾರಿಬಿಡಿ ಎಂದು ಹೇಳಲಿಲ್ಲ. ಎಲ್ಲ ಸ್ಯಾಂಪಲುಗಳಿಗೂ ಬೇಡ, ಯಂತ್ರ ಎಚ್ಚರಿಕೆ ಕೊಟ್ಟವಕ್ಕೆ ಮಾತ್ರ ಸಾಕು ಎನ್ನುವುದಷ್ಟೇ ನನ್ನ ವಾದ.

ಉಪ್ಪಳದ ಸಿಸ್ಟರ್:
ನೀವೆಲ್ಲ ಯಂತ್ರದ ಒಳಗೆ ತಪ್ಪು ಹುಡುಕುತ್ತಿದ್ದೀರಿ, ತಪ್ಪಿನ ದೊಡ್ಡ ಪಾಲು ಶೌಚಾಲಯದಲ್ಲೇ ಆಗಿ ಮುಗಿದಿರುತ್ತದೆ. ಮಹಿಳೆಯರಿಗೆ ಡಬ್ಬಿ ಕೊಟ್ಟು ‘ಹಿಡಿದು ತನ್ನಿ’ ಎಂದಷ್ಟೇ ಹೇಳಿದರೆ ಮೊದಲ ಧಾರೆಯೇ ಡಬ್ಬಿಗೆ ಬೀಳುತ್ತದೆ. ಅದರ ಜೊತೆ ಬಿಳಿಮುಟ್ಟಿನ ಪಸ್ ಸೆಲ್, ಚರ್ಮದ ಎಪಿಥೀಲಿಯಲ್ ಕೋಶ, ಬ್ಯಾಕ್ಟೀರಿಯ ಎಲ್ಲವೂ ಸೇರುತ್ತವೆ. ಪಸ್ ಸೆಲ್ಲನ್ನು ಹಿಡಿಯುವ ಲ್ಯೂಕೋಸೈಟ್ ಪ್ಯಾಡ್ 3+ ಆಗುತ್ತದೆ. ಇಲ್ಲದ ಮೂತ್ರದ ಸೋಂಕಿಗೆ ಆ್ಯಂಟಿಬಯಾಟಿಕ್ ಶುರುವಾಗುತ್ತದೆ. ತೊಳೆದುಕೊಂಡು, ಮೊದಲ ಸ್ವಲ್ಪ ಹೊರಗೆ ಬಿಟ್ಟು, ನಡುವಿನದನ್ನು ಹಿಡಿಯಬೇಕು ಎಂದು ಬಾಯಿಬಿಟ್ಟು ಹೇಳಲು ಎಷ್ಟೋ ಕಡೆ ಸಿಬ್ಬಂದಿಗೇ ಸಂಕೋಚ. ಮುಟ್ಟಿನ ದಿನಗಳೇ ಎಂದು ಕೇಳುವುದಂತೂ ಇಲ್ಲವೇ ಇಲ್ಲ.

ನಮ್ಮ ಜಿಲ್ಲೆಗೆ ವಿಶೇಷವಾದ ಇನ್ನೊಂದು ತೊಡಕಿದೆ. ಗೋಡೆಯ ಮೇಲೆ ಅಂಟಿಸಿದ ಸೂಚನೆ ಅನೇಕ ಕಡೆ ಮಲಯಾಳದಲ್ಲಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. ಕುಂಬಳೆ, ಪೈವಳಿಕೆ, ಎಣ್ಮಕಜೆ ಕಡೆಯ, ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದ ಅಜ್ಜಿ ಅದನ್ನು ಹೇಗೆ ಓದಬೇಕು? ಎರಡು ಸಾಲು ಕನ್ನಡ, ಒಂದು ಚಿತ್ರ, ಇಷ್ಟು ಹಾಕಿದರೆ ಸಾಕು.

ಮಂಜೇಶ್ವರದ ಓದುಗ:
ಸಿಸ್ಟರ್ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಅತ್ತೆಯವರು ಮನೆಯಲ್ಲಿದ್ದ ಹಳೆಯ ಟಾನಿಕ್ ಶೀಶೆಯನ್ನು ತೊಳೆದು ಅದರಲ್ಲೇ ತೆಗೆದುಕೊಂಡು ಹೋಗಿದ್ದರು, ಲ್ಯಾಬಿನವರು ಏನೂ ಹೇಳದೆ ತೆಗೆದುಕೊಂಡರು.

ದೇರಳಕಟ್ಟೆ ವಿದ್ಯಾರ್ಥಿನಿ:
ಅದನ್ನು ತಿರಸ್ಕರಿಸಬೇಕಾಗಿತ್ತು. ಶೀಶೆಯಲ್ಲಿ ಬ್ಲೀಚಿಂಗ್ ದ್ರವದ ಅಂಶ ಉಳಿದಿದ್ದರೆ ರಕ್ತದ ಪ್ಯಾಡ್ ಮತ್ತು ಸಕ್ಕರೆಯ ಪ್ಯಾಡ್ ಎರಡೂ ಸುಳ್ಳೇ ಪಾಸಿಟಿವ್ ಆಗಬಹುದು. ಕ್ಲೋರ್‌ಹೆಕ್ಸಿಡಿನ್‌ನಂಥ ಸೋಂಕುನಿವಾರಕದ ಅಂಶ ಉಳಿದಿದ್ದರೆ ಪ್ರೋಟೀನ್ ಪ್ಯಾಡ್ ಸುಳ್ಳು ಹೇಳುತ್ತದೆ.

ಪೆರ್ಲದ ಕೃಷಿಕ:
ನನ್ನದು ಬೇರೆಯೇ ಸಮಸ್ಯೆ. ಒಂದು ಲ್ಯಾಬಿನಲ್ಲಿ ಪಸ್ ಸೆಲ್ 18 ಎಂದು ಬಂತು, ಮಗ ಗಾಬರಿಯಾಗಿ ಮರುದಿನ ಇನ್ನೊಂದು ಕಡೆ ಮಾಡಿಸಿದ, ಅಲ್ಲಿ 3–4 ಎಂದು ಬಂತು. ಎರಡು ಕಡೆಯೂ ಹಣ ಕೊಟ್ಟದ್ದು ನಾನು. ಯಾರನ್ನು ನಂಬಬೇಕು?

ಯಂತ್ರದ ಪರ:
ಭಾವಾ, ಎರಡೂ ವರದಿಗಳಲ್ಲಿ ಸಂಖ್ಯೆಯ ಪಕ್ಕದಲ್ಲಿ ಏನು ಬರೆದಿದೆ ಎಂದು ನೋಡಿ ಹೇಳುತ್ತೀರಾ?

ಪೆರ್ಲದ ಕೃಷಿಕ:
ಮೊದಲನೆಯದರಲ್ಲಿ ‘ಪ್ರತಿ ಮೈಕ್ರೋಲೀಟರ್’ ಎಂಬ ಅರ್ಥದ ಗುರುತು, ಎರಡನೆಯದರಲ್ಲಿ ಎಚ್‌ಪಿಎಫ್ ಎಂದು ಇದೆ.

ಯಂತ್ರದ ಪರ:
ಹಾಗಾದರೆ ಎರಡೂ ಹೆಚ್ಚುಕಡಿಮೆ ಒಂದೇ. ಯಂತ್ರ ಎಣಿಸುವುದು ಒಂದು ಮೈಕ್ರೋಲೀಟರ್ ಮೂತ್ರದಲ್ಲಿ ಎಷ್ಟು ಎಂದು, ಮೈಕ್ರೋಸ್ಕೋಪಿನವರು ಎಣಿಸುವುದು ಹೈ ಪವರಿನ ಒಂದು ದೃಷ್ಟಿಕ್ಷೇತ್ರದಲ್ಲಿ ಎಷ್ಟು ಎಂದು. ಯಂತ್ರ ಮತ್ತು ವಿಧಾನಕ್ಕೆ ತಕ್ಕಂತೆ ಬದಲಾದರೂ, ಎಚ್‌ಪಿಎಫ್‌ನ ಒಂದು ಕಣಕ್ಕೆ ಮೈಕ್ರೋಲೀಟರಿನ ಸುಮಾರು ಐದು ಕಣಗಳು ಎಂಬುದು ರೂಢಿಯ ಲೆಕ್ಕ. 18ನ್ನು ಐದರಿಂದ ಭಾಗಿಸಿ ನೋಡಿ. ಇದು ಯಂತ್ರದ ತಪ್ಪೂ ಅಲ್ಲ, ಮೈಕ್ರೋಸ್ಕೋಪಿನ ತಪ್ಪೂ ಅಲ್ಲ. ಮಾನವನ್ನು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಮುದ್ರಿಸುವ ಮತ್ತು ಪಕ್ಕದಲ್ಲಿ ಸಾಮಾನ್ಯ ಮಿತಿಯನ್ನು ಕೊಡದ ವರದಿಯ ತಪ್ಪು.

ಪೆರ್ಲದ ಕೃಷಿಕ:
ಎರಡನೆಯ ಲ್ಯಾಬಿಗೆ ಕೊಟ್ಟ ಹಣ ದಂಡ ಎಂದಾಯಿತು.

ಕುಂಬಳೆ ಕಲೆಕ್ಷನ್:
ನಾನು ಸ್ಯಾಂಪಲ್ ಸಂಗ್ರಹಿಸಿ ಮಂಗಳೂರಿಗೆ ಕಳುಹಿಸುವ ಕೇಂದ್ರದಲ್ಲಿದ್ದೇನೆ. ಬೆಳಿಗ್ಗೆ ಏಳಕ್ಕೆ ತೆಗೆದುಕೊಂಡ ಮೂತ್ರ ಬೈಕಿನಲ್ಲಿ ಹೊರಡುವಾಗ ಒಂಬತ್ತು, ಹೆದ್ದಾರಿ 66ರಲ್ಲಿ ವಾಹನಗಳ ನಡುವೆ ಸಿಕ್ಕಿಬಿದ್ದರೆ ತಲುಪುವಾಗ ಹನ್ನೊಂದು. ಇದರಿಂದ ಫಲಿತಾಂಶ ಎಷ್ಟು ಕೆಡುತ್ತದೆ ಎಂದು ಯಾರಾದರೂ ಸರಿಯಾಗಿ ಹೇಳುತ್ತೀರಾ? ನಮ್ಮ ಮೇಲಿನವರನ್ನು ಕೇಳಿದರೆ ‘ಐಸ್ ಬಾಕ್ಸಿನಲ್ಲಿ ಹಾಕು’ ಎಂಬ ಉತ್ತರ ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ದೇರಳಕಟ್ಟೆ ವಿದ್ಯಾರ್ಥಿನಿ:
ತಣ್ಣಗಿಡದ ಮೂತ್ರವನ್ನು 2 ಗಂಟೆಯೊಳಗೆ ಪರೀಕ್ಷಿಸಬೇಕು ಎಂಬುದು ಸಾಮಾನ್ಯ ನಿಯಮ. ನಮ್ಮ ಕರಾವಳಿಯ ಸೆಕೆಯಲ್ಲಿ ಅಷ್ಟೂ ಹೆಚ್ಚೇ. ಅನುಕೂಲ ಪರಿಸ್ಥಿತಿಯಲ್ಲಿ ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಹೀಗೆ ಬೆಳೆದ ಬ್ಯಾಕ್ಟೀರಿಯಗಳು ಸಕ್ಕರೆಯನ್ನು ತಿನ್ನುತ್ತವೆ, ಇಲ್ಲದ ನೈಟ್ರೈಟನ್ನು ಹುಟ್ಟಿಸುತ್ತವೆ, ಕೆಲವು ಜಾತಿಗಳು ಯೂರಿಯವನ್ನು ಅಮೋನಿಯ ಮಾಡಿ ಪಿಎಚ್ ಏರಿಸುತ್ತವೆ. ಪಿಎಚ್ ಏರಿದಾಗ ಕಾಸ್ಟ್‌ಗಳು ಕರಗುತ್ತವೆ, ಪಸ್ ಸೆಲ್ ಮತ್ತು ಆರ್‌ಬಿಸಿಗಳು ಒಡೆಯುತ್ತವೆ, ಅತಿಯಾಗಿ ಕ್ಷಾರೀಯವಾದ ಮೂತ್ರದಲ್ಲಿ ಪ್ರೋಟೀನ್ ಪ್ಯಾಡ್ ಸುಳ್ಳೇ ಹಸಿರಾಗುತ್ತದೆ. ಬಿಸಿಲು ತಾಗಿದರೆ ಬಿಲಿರುಬಿನ್ ಹೋಗುತ್ತದೆ, ಮುಚ್ಚಳ ಸಡಿಲವಾಗಿದ್ದರೆ ಕೀಟೋನ್ ಕಡಿಮೆಯಾಗುತ್ತದೆ. ಹನ್ನೊಂದಕ್ಕೆ ತಲುಪಿದ್ದು ಏಳರ ಮೂತ್ರ ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಡಬ್ಬಿಯ ಮೇಲೆ ಸಂಗ್ರಹಿಸಿದ ಸಮಯವನ್ನು ನೀವೇ ಬರೆಯಬೇಕು.

ಐಸ್ ಬಾಕ್ಸ್ ಒಳ್ಳೆಯದು, ಆದರೆ ಅದಕ್ಕೂ ಅದರದೇ ತೊಂದರೆ ಇದೆ. ತಣ್ಣಗಾದ ಮೂತ್ರದಲ್ಲಿ ಯೂರೇಟ್, ಫಾಸ್ಫೇಟ್ ಲವಣಗಳು ಪುಡಿಪುಡಿಯಾಗಿ ಇಳಿದು ಮೂತ್ರವನ್ನು ಕದಡುತ್ತವೆ, ಯಂತ್ರ ಆ ಪುಡಿಯನ್ನು ಬ್ಯಾಕ್ಟೀರಿಯ ಎಂದೋ ಆರ್‌ಬಿಸಿ ಎಂದೋ ಎಣಿಸಬಹುದು. ಸ್ಟ್ರಿಪ್ಪಿನ ಕಿಣ್ವಗಳೂ ತಣ್ಣನೆಯ ಮೂತ್ರದಲ್ಲಿ ನಿಧಾನವಾಗುತ್ತವೆ. ಹಾಗಾಗಿ ಅಲ್ಲಿ ತಲುಪಿದ ಮೇಲೆ ಕೋಣೆಯ ಉಷ್ಣತೆಗೆ ಬರಲು ಬಿಟ್ಟು, ಚೆನ್ನಾಗಿ ಕಲಕಿ, ಆಮೇಲೆ ಹಾಕಬೇಕು.

ಕುಂಬಳೆ ಕಲೆಕ್ಷನ್:
ಉಪಕಾರವಾಯಿತು. ಇನ್ನು ಮುಂದೆ ಡಬ್ಬಿಯ ಮೇಲೆ ಸಮಯ ಬರೆಯುತ್ತೇನೆ, ಅಲ್ಲಿ ಓದುವವರು ಇದ್ದಾರೆಯೇ ಎಂಬುದು ಬೇರೆ ವಿಷಯ.

ಮುಳ್ಳೇರಿಯ ಮಾಷ್:
ಬೀಟ್‌ರೂಟ್ ತಿಂದರೂ ಮೂತ್ರದಲ್ಲಿ ರಕ್ತ ಇದೆ ಎಂದು ಯಂತ್ರ ತೋರಿಸುತ್ತದೆ. ಶಾಲೆಯ ಮಕ್ಕಳ ವಿಷಯದಲ್ಲಿ ಹೀಗಾದದ್ದನ್ನು ಕೇಳಿದ್ದೇನೆ.

ಹಳೆಯ ಮೈಕ್ರೋಸ್ಕೋಪ್:
ಇಲ್ಲ ಮಾಷ್ಟ್ರೇ, ಬೀಟ್‌ರೂಟಿನಿಂದ ಬಣ್ಣ ಕೆಂಪಾಗಿ ನಾವು ಹೆದರುತ್ತೇವೆ, ರಕ್ತದ ಪ್ಯಾಡಿನ ರಾಸಾಯನಿಕ ಕ್ರಿಯೆಗೆ ಅದು ಹಿಮೋಗ್ಲೋಬಿನ್‌ನಂತೆ ಒದಗುವುದಿಲ್ಲ. ಸ್ಟ್ರಿಪ್ಪಿಗೆ ನಿಜವಾಗಿ ತೊಂದರೆ ಕೊಡುವುದು ಬಣ್ಣದ ಔಷಧಗಳು. ಉರಿಮೂತ್ರಕ್ಕೆ ಕೊಡುವ ಫೆನಾಜೋಪಿರಿಡಿನ್ ಮೂತ್ರವನ್ನು ಗಾಢ ಕಿತ್ತಳೆ ಮಾಡುತ್ತದೆ, ಪ್ಯಾಡುಗಳಿಗೆಲ್ಲ ಆ ಬಣ್ಣವೇ ಅಂಟುವುದರಿಂದ ನೈಟ್ರೈಟ್, ಬಿಲಿರುಬಿನ್ ಮುಂತಾದವು ನಂಬಿಕೆಗೆ ಯೋಗ್ಯವಾಗಿ ಉಳಿಯುವುದಿಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕೂಡ ಮೂತ್ರವನ್ನು ಕಿತ್ತಳೆಗೆಂಪು ಮಾಡುತ್ತದೆ. ಕೆಲವು ಯಂತ್ರಗಳು ಮೂತ್ರದ ಸ್ವಂತ ಬಣ್ಣವನ್ನು ಅಳೆದು ಕಳೆಯುತ್ತವಾದರೂ ಗಾಢ ಬಣ್ಣದ ಮುಂದೆ ಆ ಲೆಕ್ಕ ನಿಲ್ಲುವುದಿಲ್ಲ. ಅಂಥ ಸ್ಯಾಂಪಲಿಗೆ ಸ್ಟ್ರಿಪ್ಪಿನ ಫಲಿತಾಂಶ ಕೊಡದಿರುವುದೇ ಪ್ರಾಮಾಣಿಕತೆ.

ಸರ್ವಿಸ್ ಇಂಜಿನಿಯರ್:
ಯಂತ್ರಗಳನ್ನು ದುರಸ್ತಿ ಮಾಡಲು ಕಾಞಂಗಾಡಿನಿಂದ ಮಂಜೇಶ್ವರದವರೆಗೆ ಓಡಾಡುವವನು ನಾನು. ‘ಯಂತ್ರ ಕೆಟ್ಟಿದೆ’ ಎಂದು ಕರೆ ಬಂದು ಹೋದರೆ ಎಷ್ಟೋ ಸಲ ಯಂತ್ರ ಕೆಟ್ಟಿರುವುದಿಲ್ಲ, ಸ್ಟ್ರಿಪ್ ಕೆಟ್ಟಿರುತ್ತದೆ. ಜೂನ್, ಜುಲೈ ತಿಂಗಳ ನಮ್ಮ ಮಳೆಗಾಲದ ತೇವದಲ್ಲಿ ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ತೆರೆದಿಡುವುದು ಹಪ್ಪಳದ ಡಬ್ಬಿಯನ್ನು ತೆರೆದಿಟ್ಟ ಹಾಗೆ. ಒಳಗಿನ ತೇವ ಹೀರುವ ಪೊಟ್ಟಣವನ್ನು ಎಸೆಯುತ್ತಾರೆ, ಉಳಿದ ಸ್ಟ್ರಿಪ್ಪುಗಳನ್ನು ಯಂತ್ರದ ಫೀಡರಿನಲ್ಲೇ ರಾತ್ರಿ ಬಿಟ್ಟು ಹೋಗುತ್ತಾರೆ, ಮರುದಿನ ಬಂದವರಿಗೆಲ್ಲ ನೈಟ್ರೈಟ್ ಪಾಸಿಟಿವ್. ಗಾಳಿ ತಾಗಿದ ನೈಟ್ರೈಟ್ ಪ್ಯಾಡ್ ಮೂತ್ರ ಮುಟ್ಟುವ ಮೊದಲೇ ಗುಲಾಬಿಗೆ ತಿರುಗುವುದುಂಟು.

ಇನ್ನು ಯಂತ್ರದ ಸ್ವಂತ ತಪ್ಪುಗಳು. ಬಿಳಿಯ ಕ್ಯಾಲಿಬ್ರೇಷನ್ ಪಟ್ಟಿಯ ಮೇಲೆ ಕಲೆ ಕುಳಿತರೆ ಎಲ್ಲ ಓದುಗಳೂ ಒಂದೇ ದಿಕ್ಕಿಗೆ ಸರಿಯುತ್ತವೆ. ಸ್ಯಾಂಪಲ್ ಕಡಿಮೆಯಿದ್ದರೆ ಸೂಜಿ ಗಾಳಿಯನ್ನು ಹೀರುತ್ತದೆ, ಗಾಳಿಗುಳ್ಳೆಗಳು ಕಣಗಳ ಲೆಕ್ಕಕ್ಕೆ ಸೇರುತ್ತವೆ. ಲೋಳೆ ಹೆಚ್ಚಿರುವ ಮೂತ್ರ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೀವು, ಬ್ಯಾಕ್ಟೀರಿಯ ತುಂಬಿದ ಸ್ಯಾಂಪಲಿನ ಬಳಿಕ ತೊಳೆಯುವಿಕೆ ಸರಿಯಾಗದಿದ್ದರೆ ಅದರ ಅಂಶ ಮುಂದಿನವರ ಸ್ಯಾಂಪಲಿಗೆ ಸಾಗುತ್ತದೆ. ರ‍್ಯಾಕಿನಲ್ಲಿ ಹೊತ್ತು ಕಾದ ಟ್ಯೂಬಿನ ತಳಕ್ಕೆ ಕಣಗಳು ಇಳಿದಿರುತ್ತವೆ, ಕಲಕದೆ ಮೇಲಿನ ದ್ರವ ಹೀರಿದರೆ ಎಣಿಕೆ ಕಡಿಮೆ ಬರುತ್ತದೆ. ಪ್ರತಿದಿನ ಎರಡು ಮಟ್ಟದ ಕಂಟ್ರೋಲ್ (ಉತ್ತರ ಮೊದಲೇ ಗೊತ್ತಿರುವ ದ್ರವ) ಹಾಕಿ ನೋಡಿದರೆ ಪಟ್ಟಿಯ ಕಲೆಯಂಥ, ಕೆಟ್ಟ ಸ್ಟ್ರಿಪ್ಪಿನಂಥ ದೋಷಗಳು ಬೆಳಿಗ್ಗೆಯೇ ಸಿಕ್ಕಿಬೀಳುತ್ತವೆ. ಕಂಟ್ರೋಲಿಗೆ ಹಣ ಖರ್ಚಾಗುತ್ತದೆ ಎಂದು ವಾರಕ್ಕೊಮ್ಮೆ ಹಾಕುವವರೂ ಇದ್ದಾರೆ.

ಬದಿಯಡ್ಕದ ಟೆಕ್ನೀಷಿಯನ್:
ಇಂಜಿನಿಯರ್ ಅಣ್ಣಾ, ನಮ್ಮಲ್ಲಿ ಕಂಟ್ರೋಲ್ ಪ್ರತಿದಿನ ಹಾಕುತ್ತೇವೆ. ಫೀಡರಿನಲ್ಲಿ ಸ್ಟ್ರಿಪ್ ಬಿಡುವ ಅಭ್ಯಾಸ ಮಾತ್ರ ಇದೆ, ಇಂದಿನಿಂದಲೇ ನಿಲ್ಲಿಸಲು ಹೇಳುತ್ತೇನೆ. ಈ ಯಂತ್ರಗಳಲ್ಲೇ ಚಿತ್ರ ತೆಗೆಯುವುದಕ್ಕಿಂತ ಲೇಸರ್ ಬೆಳಕಿನದು ಉತ್ತಮ ಎನ್ನುತ್ತಾರಲ್ಲ?

ಸರ್ವಿಸ್ ಇಂಜಿನಿಯರ್:
ಎರಡಕ್ಕೂ ಅದರದರ ಬಲಹೀನತೆ ಇದೆ. ಫ್ಲೋ ಸೈಟೊಮೆಟ್ರಿಯ ಯಂತ್ರ ಕಣಗಳಿಗೆ ಹೊಳೆಯುವ ಬಣ್ಣ ಕೊಟ್ಟು ಲೇಸರಿನ ಎದುರು ಒಂದೊಂದಾಗಿ ಹಾಯಿಸುತ್ತದೆ. ಬ್ಯಾಕ್ಟೀರಿಯ ಮತ್ತು ಪಸ್ ಸೆಲ್ಲಿಗೆ ಅದು ಚೆನ್ನಾಗಿದೆ, ಹೊಸ ಮಾದರಿಗಳಲ್ಲಿ ಧ್ರುವೀಕೃತ ಬೆಳಕಿನ ಸಹಾಯದಿಂದ ಹರಳನ್ನು ಆರ್‌ಬಿಸಿಯಿಂದ ಬೇರ್ಪಡಿಸುವ ವ್ಯವಸ್ಥೆಯೂ ಬಂದಿದೆ. ಆದರೆ ಅನುಮಾನ ಬಂದಾಗ ನೋಡಲು ಅದರಲ್ಲಿ ಕಣದ ಚಿತ್ರ ಇರುವುದಿಲ್ಲ. ನಿಮ್ಮಲ್ಲಿರುವ ಯಂತ್ರದಲ್ಲಿ ಚಿತ್ರವನ್ನು ಪರದೆಯ ಮೇಲೆ ತೆರೆದು ಯೀಸ್ಟ್ ಎಂದು ನೀವೇ ತಿದ್ದಬಹುದು. ತಿದ್ದುವ ಗುಂಡಿಯನ್ನು ಒತ್ತದೆ ನೇರವಾಗಿ ಬಿಡುಗಡೆ ಮಾಡಿದರೆ ಆ ಅನುಕೂಲ ಇದ್ದೂ ಇಲ್ಲದಂತೆ.

ಉಪ್ಪಳದ ಸಿಸ್ಟರ್:
ಸ್ಕ್ಯಾನಿಂಗಿಗೆ ಬಂದವರು ಎರಡು ಲೀಟರ್ ನೀರು, ಅದರ ಮೇಲೆ ಎಳನೀರು ಕುಡಿದು, ಹಾಗೆಯೇ ಮೂತ್ರ ಪರೀಕ್ಷೆಯೂ ಆಗಲಿ ಎಂದು ಕೊಡುತ್ತಾರೆ. ಇದನ್ನೂ ಸೇರಿಸಿಕೊಳ್ಳಿ.

ಗಡಿನಾಡ ವೈದ್ಯ:
ಬಹಳ ಒಳ್ಳೆಯ ಮಾತು ಸಿಸ್ಟರ್. ಸ್ಪೆಸಿಫಿಕ್ ಗ್ರಾವಿಟಿ (ಮೂತ್ರದ ಸಾಂದ್ರತೆಯ ಅಳತೆ) 1.003ಕ್ಕೆ ಇಳಿದ ತೆಳ್ಳನೆಯ ಮೂತ್ರದಲ್ಲಿ ಪ್ರೋಟೀನ್ ‘ಇಲ್ಲ’ ಎಂದರೆ ಅದಕ್ಕೆ ಹೆಚ್ಚು ಅರ್ಥವಿಲ್ಲ. ಆರ್‌ಬಿಸಿಗಳೂ ನೀರು ಹೀರಿ ಒಡೆದಿರುತ್ತವೆ. ಆಗ ಸ್ಟ್ರಿಪ್ ರಕ್ತ ಇದೆ ಎನ್ನುತ್ತದೆ, ಯಂತ್ರ ಆರ್‌ಬಿಸಿ ಇಲ್ಲ ಎನ್ನುತ್ತದೆ, ಮೇಲೆ ಹೇಳಿದ ಯೀಸ್ಟಿನ ಪ್ರಕರಣಕ್ಕೆ ನೇರ ವಿರುದ್ಧ. ತೆಳ್ಳಗಿಲ್ಲದ, ತಾಜಾ ಮೂತ್ರದಲ್ಲೂ ಹೀಗೆ ಬಂದರೆ ಹಿಮೋಗ್ಲೋಬಿನ್ ಅಥವಾ ಸ್ನಾಯುವಿನ ಮಯೋಗ್ಲೋಬಿನ್ ಬಗ್ಗೆ ಯೋಚಿಸಲೇಬೇಕು, ಅದು ತುರ್ತಿನ ವಿಷಯ.

ಪ್ರೋಟೀನಿನ ಬಗ್ಗೆ ಇನ್ನೊಂದು ಮಾತು. ಆ ಪ್ಯಾಡ್ ಮುಖ್ಯವಾಗಿ ಅಲ್ಬುಮಿನ್ ಎಂಬ ಪ್ರೋಟೀನನ್ನು ಹಿಡಿಯುತ್ತದೆ, ಅದೂ ಸಾಕಷ್ಟು ಪ್ರಮಾಣ ಸೋರಿದ ಮೇಲೆ. ಮಧುಮೇಹಿಗಳ ಮೂತ್ರಪಿಂಡ ಮೊದಲು ಸೋರಿಸುವ ಅಲ್ಪ ಅಲ್ಬುಮಿನ್, ಅಂದರೆ ಒಂದು ಗ್ರಾಂ ಕ್ರಿಯಾಟಿನಿನ್ನಿಗೆ 30ರಿಂದ 300 ಮಿಲಿಗ್ರಾಂ, ಅದಕ್ಕೆ ಎಷ್ಟೋ ಸಲ ಸಿಗುವುದಿಲ್ಲ. ‘ಪ್ರೋಟೀನ್ ನಿಲ್’ ಎಂಬ ವರದಿ ಹಿಡಿದು ಕಿಡ್ನಿ ಚೆನ್ನಾಗಿದೆ ಎಂದು ನೆಮ್ಮದಿಯಿಂದಿರುವ ಮಧುಮೇಹಿಗಳು ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತದ ಪರೀಕ್ಷೆಯನ್ನು ಬೇರೆಯಾಗಿ ಮಾಡಿಸಬೇಕು.

ಹಳೆಯ ಮೈಕ್ರೋಸ್ಕೋಪ್:
ಮೈಲೋಮಾ (ಮೂಳೆಮಜ್ಜೆಯ ಕ್ಯಾನ್ಸರ್) ರೋಗಿಗಳ ಬೆನ್ಸ್ ಜೋನ್ಸ್ ಪ್ರೋಟೀನನ್ನೂ ಸ್ಟ್ರಿಪ್ ಬಿಟ್ಟುಬಿಡುತ್ತದೆ. ಸಲ್ಫೋಸ್ಯಾಲಿಸಿಲಿಕ್ ಆಮ್ಲ ಹಾಕಿದರೆ ಮೂತ್ರ ಕದಡಿ ಆ ಪ್ರೋಟೀನನ್ನು ತೋರಿಸುತ್ತದೆ. ಒಂದು ಶೀಶೆ ಆ ಆಮ್ಲ ಇಟ್ಟುಕೊಳ್ಳಲು ಯಾವ ಮಾಲೀಕರೂ ಬಡವಾಗುವುದಿಲ್ಲ.

ಬದಿಯಡ್ಕದ ಟೆಕ್ನೀಷಿಯನ್:
ಎಲ್ಲರ ಮಾತನ್ನೂ ಮಾಲೀಕರ ಮುಂದೆ ಇಟ್ಟೆ. ‘ಎಲ್ಲ ಸ್ಯಾಂಪಲುಗಳನ್ನೂ ನೋಡಲು ಸಾಧ್ಯವಿಲ್ಲ, ಯಾವುದನ್ನು ನೋಡಬೇಕು ಎಂದು ನಿಯಮ ಬರೆದುಕೊಡು, ಒಪ್ಪುತ್ತೇನೆ’ ಎಂದರು. ಸ್ಟ್ರಿಪ್ಪಿನ ರಕ್ತ ಮತ್ತು ಯಂತ್ರದ ಆರ್‌ಬಿಸಿ ಪರಸ್ಪರ ಒಪ್ಪದಿದ್ದರೆ, ಲ್ಯೂಕೋಸೈಟ್ ಮತ್ತು ಪಸ್ ಸೆಲ್ ಒಪ್ಪದಿದ್ದರೆ, ಪ್ರೋಟೀನ್ 1+ ಅಥವಾ ಹೆಚ್ಚಿದ್ದರೆ, ಯಂತ್ರ ಕಾಸ್ಟ್, ಯೀಸ್ಟ್ ಅಥವಾ ವರ್ಗೀಕರಿಸದ ಕಣ ಎಂದು ಸೂಚಿಸಿದರೆ ಕಣ್ಣಿನಿಂದ ನೋಡಬೇಕು ಎಂದು ಬರೆದಿದ್ದೇನೆ. ಇನ್ನೇನಾದರೂ ಬಿಟ್ಟಿದ್ದೇನೆಯೇ?

ಗಡಿನಾಡ ವೈದ್ಯ:
ಮೂತ್ರಪಿಂಡದ ಕಾಯಿಲೆ ಇರುವವರು, ಊದಿಕೊಂಡು ಬಂದ ಮಕ್ಕಳು, ಬಿಪಿ ಹೆಚ್ಚಿರುವ ಗರ್ಭಿಣಿಯರು: ಇವರ ಸ್ಯಾಂಪಲನ್ನು ಯಂತ್ರ ಏನೇ ಹೇಳಲಿ, ನೋಡಿ. ಚೀಟಿಯಲ್ಲಿ ರೋಗದ ವಿವರ ಬರೆಯದ ವೈದ್ಯರಿಗೆ ಫೋನ್ ಮಾಡಿ ಕೇಳುವ ಅಧಿಕಾರವೂ ನಿಮಗೆ ಇರಲಿ.

ಯಂತ್ರದ ಪರ:
ನಿಯಮ ಚೆನ್ನಾಗಿದೆ, ಆದರೆ ಪ್ರೋಟೀನ್ 1+ ಬಂದದ್ದನ್ನೆಲ್ಲ ನೋಡಲು ಹೊರಟರೆ ಬೆಳಗ್ಗಿನ ಸಾಂದ್ರ ಮೂತ್ರದ ಅರ್ಧ ಪಾಲು ನಿಮ್ಮ ಮೇಜಿಗೇ ಬರುತ್ತದೆ. ಸ್ಪೆಸಿಫಿಕ್ ಗ್ರಾವಿಟಿಯನ್ನೂ ಜೊತೆಗಿಟ್ಟು ಮಿತಿ ನಿಗದಿಪಡಿಸಿ.

ದೇರಳಕಟ್ಟೆ ವಿದ್ಯಾರ್ಥಿನಿ:
ಲ್ಯೂಕೋಸೈಟ್ ಮತ್ತು ಪಸ್ ಸೆಲ್ ಒಪ್ಪದಿರುವ ನಿಯಮಕ್ಕೆ ಒಂದು ಟಿಪ್ಪಣಿ ಸೇರಿಸಿ ಅಣ್ಣಾ. ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಂತೆ ಸಕ್ಕರೆ ಬಹಳ ಹೆಚ್ಚಿದ್ದರೆ, ಸೆಫಲೆಕ್ಸಿನ್ ಅಥವಾ ಟೆಟ್ರಾಸೈಕ್ಲಿನ್ ಆ್ಯಂಟಿಬಯಾಟಿಕ್ ನಡೆಯುತ್ತಿದ್ದರೆ ಲ್ಯೂಕೋಸೈಟ್ ಪ್ಯಾಡ್ ಮಂಕಾಗುತ್ತದೆ, ಆಗ ಪಸ್ ಸೆಲ್ಲಿನ ಎಣಿಕೆಯನ್ನೇ ನಂಬಬೇಕು. ನೈಟ್ರೈಟ್ ನೆಗೆಟಿವ್ ಎಂದು ಸೋಂಕಿಲ್ಲ ಎಂದೂ ಬರೆಯಬೇಡಿ; ಎಂಟೆರೊಕಾಕಸ್ ಎಂಬ ಬ್ಯಾಕ್ಟೀರಿಯ ನೈಟ್ರೇಟನ್ನು ನೈಟ್ರೈಟ್ ಮಾಡುವುದಿಲ್ಲ, ಮಾಡಬಲ್ಲ ಬ್ಯಾಕ್ಟೀರಿಯಗಳಿಗೂ ಮೂತ್ರ ಸುಮಾರು 4 ಗಂಟೆ ಮೂತ್ರಕೋಶದಲ್ಲಿ ನಿಲ್ಲಬೇಕು.

ಬದಿಯಡ್ಕದ ಟೆಕ್ನೀಷಿಯನ್:
ಸೇರಿಸಿದೆ. ಸ್ಪೆಸಿಫಿಕ್ ಗ್ರಾವಿಟಿ 1.010ಕ್ಕಿಂತ ಕಡಿಮೆಯಿದ್ದರೆ ‘ಮೂತ್ರ ತೆಳುವಾಗಿದೆ, ಬೆಳಗಿನ ಮೊದಲ ಮೂತ್ರದೊಂದಿಗೆ ಮತ್ತೆ ಬನ್ನಿ’ ಎಂದು ವರದಿಯ ಕೆಳಗೆ ಕನ್ನಡದಲ್ಲೂ ಮಲಯಾಳದಲ್ಲೂ ಮುದ್ರಿಸಲು ಮಾಲೀಕರು ಒಪ್ಪಿದ್ದಾರೆ. ಮೈಕ್ರೋಲೀಟರ್, ಎಚ್‌ಪಿಎಫ್ ಎರಡನ್ನೂ ಪಕ್ಕಪಕ್ಕದಲ್ಲಿ ಕೊಡಲು ಸಾಫ್ಟ್‌ವೇರಿನವರನ್ನು ಕೇಳಬೇಕಂತೆ.

ಪೆರ್ಲದ ಕೃಷಿಕ:
ಅದನ್ನು ಮೊದಲು ಮಾಡಿಸಿ.